ಗೇಟಿಗೆ ಅಡ್ಡ ಬಂದ ಹೊಂಗೆ ಮರ

ಗೆಳೆಯರೇ, ನಮ್ಮ ಕುಮಾರಸ್ವಾಮಿ ಲೇಔಟಿಗೆ ಇವತ್ತು ಮೊದಲ ಬಸ್ಸು ಬಂತು. ಇನ್ನು ಬನಶಂಕರಿಯವರೆಗೆ ಧೂಳಿನಲ್ಲಿ ನಡೆಯುವುದು ತಪ್ಪಿತು. ಇಲ್ಲಿರುವುದು ಒಂಬತ್ತು ಮನೆ. ಒಂಬತ್ತು ಮನೆಯವರೂ ಸ್ಟಾಪು ತಮ್ಮ ಬಾಗಿಲಲ್ಲೇ ಆಗಬೇಕೆಂದು ಬೆಳಗ್ಗೆಯಿಂದ ಜಗಳ. ಮನೆ ಇನ್ನೂ ಅರ್ಧ ಕಟ್ಟಿರುವ ನಾನೂ ಸುಮ್ಮನಿರಲಿಲ್ಲ.

ನಾವು ಕೂಗಾಡುತ್ತಿದ್ದಾಗಲೇ ಬಸ್ಸಿಗೆ ಕೈ ಅಡ್ಡ ಹಿಡಿದವರು ಮುನಿಯಪ್ಪನವರು. ಈ ಸೈಟುಗಳೆಲ್ಲ ಹಿಂದೆ ಅವರ ರಾಗಿ ಹೊಲ. ಅವರು ನಿಂತಿದ್ದು ನನ್ನ ಮನೆ ಮುಂದಿನ ಹೊಂಗೆ ಮರದಡಿ.

"ಇಲ್ಲೇನಾ ಸ್ಟಾಪು, ಯಜಮಾನ್ರೇ?" ಎಂದ ಕಂಡಕ್ಟರ್.

"ಇನ್ನೆಲ್ಲಪ್ಪಾ? ನಮ್ಮೆತ್ತುಗಳೂ ಇಲ್ಲೇ ನಿಲ್ತಿದ್ವು. ನೆರಳಿರೋದು ಇದೊಂದೇ ಕಡೆ."

"ಸರಿ. ಹೊಂಗೆ ಮರ ಯಾರ್ರೀ, ಇಳೀರಿ!"

ಇಳಿದವನು ಒಬ್ಬನೇ, ಹೆಗಲ ಮೇಲೆ ಕೊಡಲಿ. ಗೇಟಿಗೆ ಅಡ್ಡ ಬರುತ್ತದೆಂದು ಅದೇ ಮರ ಕಡಿಯಲು ನಾನೇ ಹೇಳಿಕಳಿಸಿದ್ದ ಆಸಾಮಿ!

"ಸಾರ್, ಮರ ಹುಡುಕೋ ತಾಪತ್ರಯಾನೇ ಇಲ್ಲ, ಬಸ್ಸೇ ತಂದು ಬಿಡ್ತು. ಶುರು ಮಾಡ್ಲಾ?"

ಒಂಬತ್ತು ಮನೆಯವರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಬೆಳಗ್ಗೆಯಿಂದ ಅವರು ಒಂದಾದದ್ದು ಆಗಲೇ. ಮುನಿಯಪ್ಪನವರು ಮರದ ಬುಡದಲ್ಲಿ ಟವೆಲ್ ಹಾಸಿ ಕೂತರು.

"ಬೇಡ ಕಣಪ್ಪಾ, ಇದೇ ಬಸ್ಸಲ್ಲಿ ವಾಪಸ್ ಹೋಗ್ಬಿಡು" ಅಂದೆ.

ಗೇಟನ್ನು ಮೂರಡಿ ಪಕ್ಕಕ್ಕೆ ಸರಿಸಲು ಮೇಸ್ತ್ರಿಗೆ ಹೇಳಿದ್ದೇನೆ. ಗೃಹಪ್ರವೇಶಕ್ಕೆ ಬರುವಾಗ ದಾರಿ ಕೇಳಬೇಡಿ, ಹೊಂಗೆ ಮರಕ್ಕೆ ಟಿಕೆಟ್ ತಗೊಳ್ಳಿ ಸಾಕು. ಜಗಳದಲ್ಲಿ ಗೆದ್ದದ್ದು ಕೊನೆಗೆ ನಾನೇ: ಸ್ಟಾಪು ನನ್ನ ಬಾಗಿಲಲ್ಲೇ ಆಯ್ತು.