ತಿರುವಿನಲ್ಲಿ ನಿಲ್ಲುತ್ತಿದ್ದವರು

ಅಮೆರಿಕದ ರೆಸ್ಟನ್‌ನಲ್ಲಿ ನಮ್ಮ ಪಕ್ಕದ ಮನೆಯ ಅಂಕಲ್ ರಿಟೈರಾದ ಡಾಕ್ಟರು. ಆಂಟಿ ಜೊತೆ ಇಟಲಿಯ ಗುಡ್ಡಗಳಲ್ಲಿ ಊರಿಂದೂರಿಗೆ ನಡೆಯಬೇಕೆಂದು, ಬೆನ್ನಿನ ಬ್ಯಾಗಿಗೆ ಸೋನಾ ಮಸೂರಿ ಅಕ್ಕಿ ತುಂಬಿಕೊಂಡು ಲೇಕ್ ಸುತ್ತ ಪ್ರಾಕ್ಟೀಸ್ ಮಾಡುತ್ತಿದ್ದರು. ಪಕ್ಕದಲ್ಲಿ ನಾನು, ಹಿಂದೆ ಮಂಡಿನೋವಿನ ಆಂಟಿ. ಅಂಕಲ್‌ಗೆ ನಿಧಾನವಾಗಿ ನಡೆಯಲು ಬರುತ್ತಿರಲಿಲ್ಲ. ಸರಸರ ಮುಂದೆ ಹೋಗಿ, ತಿರುವು ಬಂದಾಗ ನಿಂತು, ನನಗೂ ಕೈ ಅಡ್ಡ ಹಿಡಿಯುತ್ತಿದ್ದರು. “ತಾಳಪ್ಪ, ಅವಳು ಬರ್ಲಿ.”

ಆಂಟಿ ಬಂದು, “ಇಟಲೀಲೂ ಹೀಗೇ ಬಿಟ್ಟು ಹೋಗ್ತೀರಾ?” ಎಂದು ಗೊಣಗುತ್ತಿದ್ದರು.

ಕೋವಿಡ್ ಬಂತು, ಟ್ರಿಪ್ ಕ್ಯಾನ್ಸಲ್ ಆಯಿತು. ಆ ಚಳಿಗಾಲದಲ್ಲಿ ಆಂಟಿ ಹೋಗಿಬಿಟ್ಟರು.

ಎಷ್ಟೋ ದಿನದ ಮೇಲೆ, ಮಗಳ ಬಲವಂತಕ್ಕೆ ಅಂಕಲ್ ಇಟಲಿಗೆ ಹೊರಟರು. ಜೊತೆಗೆ ನಾನೂ ಹೋದೆ. ಟಸ್ಕನಿಯ ಆಲಿವ್ ತೋಪುಗಳ ನಡುವೆ ದಿನವಿಡೀ ಹತ್ತಿ, ಸಂಜೆ ಒಂದು ಹಳೇ ಊರಿನ ಕಲ್ಲುಬಾಗಿಲು ಮುಟ್ಟಿದೆವು. ಊಟಕ್ಕೆ ಹೊತ್ತಾಯಿತೆಂದು ಗೈಡ್ ಹುಡುಗಿ ನಮ್ಮ ಗುಂಪಿನ ಉಳಿದವರನ್ನೆಲ್ಲ ಒಳಗೆ ಕರೆದುಕೊಂಡು ಹೋದಳು. ಅಂಕಲ್ ಮಾತ್ರ ಹತ್ತಿ ಬಂದ ದಾರಿಯ ಕಡೆ ತಿರುಗಿ ನಿಂತರು.

“ಬನ್ನಿ ಅಂಕಲ್,” ಎಂದೆ.

ಕೈ ಅಡ್ಡ ಬಂತು. “ತಾಳಪ್ಪ, ಅವಳು ಬರ್ಲಿ.”

ಆಮೇಲೆ ಬ್ಯಾಗಿನ ಪಟ್ಟಿ ಸರಿಮಾಡಿಕೊಳ್ಳುತ್ತಾ, “ಆ ಗೈಡ್ ಹುಡುಗಿ ಬರ್ಲಿ ಅಂದೆ,” ಎಂದರು.

“ಹೌದು ಅಂಕಲ್, ಬರ್ಲಿ,” ಎಂದು ನಾನೂ ಕೆಳಗಿನ ದಾರಿಯನ್ನೇ ನೋಡುತ್ತಾ ನಿಂತೆ.