ಗಂಡನಿಲ್ಲದವಳ ರೊಟ್ಟಿ

ಚಿತ್ತಾಪುರದ ನಮ್ಮ ಮನೆಯಲ್ಲಿ ನಾನು ಖಡಕ್ ರೊಟ್ಟಿ ಮಾಡಿ ಮಾರುತ್ತೇನೆ. ಓಣಿಯ ಇಬ್ಬರು ಹೆಂಗಸರು ಜೊತೆಗೆ ಬಡಿಯುತ್ತಾರೆ. ಒಂದು ದಿನ ಕಲಬುರಗಿಯಿಂದ ಮೊಬೈಲಿನಲ್ಲಿ ಊಟ-ತಿಂಡಿಯ ವಿಡಿಯೋ ಹಾಕುವವನೊಬ್ಬ ಬಂದ. ಒಲೆ, ಹಿಟ್ಟು, ನಮ್ಮ ಕೈ ಎಲ್ಲದರ ವಿಡಿಯೋ ತೆಗೆದುಕೊಂಡು ಕಡೆಗೆ ಕೇಳಿದ:

"ಮನ್ಯಾಗ ಗಂಡಸರು ಯಾರೂ ಇಲ್ಲೇನ್ರಿ ಅಕ್ಕಾ?"

"ಇಲ್ರಿ, ನಾನೇ ಎಲ್ಲಾ ನೋಡ್ಕೋತೀನಿ" ಎಂದೆ. ನನ್ನ ಗಂಡ ಆಗ ಶಹಾಬಾದಿನ ಕಲ್ಲು ಪಾಲಿಶ್ ಮಾಡುವ ಕೆಲಸಕ್ಕೆ ಹೋಗಿದ್ದರು. ನಾನು ಹೇಳಿದ್ದು ಆ ಹೊತ್ತಿನ ಮಾತು.

ನಾಲ್ಕು ದಿನಕ್ಕೆ ವಿಡಿಯೋ ಬಂತು. ಗಂಡ ಕೈಬಿಟ್ಟು ಹೋದನಂತೆ, ನಾನು ಕಣ್ಣೀರು ಒರೆಸಿಕೊಂಡು ರೊಟ್ಟಿ ಬಡಿದೆನಂತೆ. ಹಿಂದೆ ಅಳುವಂಥ ಸಂಗೀತ. ಸೊಲ್ಲಾಪುರ, ಹೈದರಾಬಾದಿನಿಂದೆಲ್ಲ ರೊಟ್ಟಿ ಬೇಕೆಂದು ಫೋನು ಬರತೊಡಗಿತು. ಮೂರನೆಯವಳೊಬ್ಬಳನ್ನು ಕೆಲಸಕ್ಕೆ ಕರೆದೆ. ನಿಜ ಏನೆಂದು ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಸುಳ್ಳು ಅವನದು, ಹದಿನೈದು ದಿನ ಸುಮ್ಮನಿದ್ದವಳು ಮಾತ್ರ ನಾನು.

ಒಂದು ಸಂಜೆ ಗಂಡ ಬಂದವರು ಕಾಲು ತೊಳೆಯದೆ ಕಟ್ಟೆಯ ಮೇಲೆ ಕುಳಿತುಬಿಟ್ಟರು. ಹುಬ್ಬಿನ ಮೇಲೆ ಕಲ್ಲಿನ ಧೂಳು ಹಾಗೇ ಇತ್ತು.

"ಹೆಂಡ್ತೀನ ಯಾವಾಗ ಬಿಟ್ಟಿಯೋ ಅಂತ ಎಲ್ಲಾರೂ ಕೇಳಾಕತ್ತಾರ."

"ನಾ ಹಂಗ ಹೇಳಿಲ್ರಿ."

"ಗೊತ್ತದ. ಆದ್ರ ಅಲ್ಲ ಅಂತನೂ ನೀ ಹೇಳಿಲ್ಲ."

ದಿನಾ ಕೆಲಸಕ್ಕೆ ಹೋಗುವ ಮೊದಲು ಗಿರಣಿಯಲ್ಲಿ ಜೋಳ ಬೀಸಿಸಿ ತರುವವರು ಅವರೇ.

ಮರುದಿನ ವಿಡಿಯೋದವನಿಗೆ ಫೋನು ಮಾಡಿದೆ.

"ತೆಗದ್ರ ಆರ್ಡರ್ ನಿಂದರ್ತಾವ ಅಕ್ಕಾ. ಮಂದಿಗಿ ರೊಟ್ಟಿಗಿಂತ ಕಥಿ ಬೇಕ್ರಿ" ಎಂದ.

"ನನ್ನ ಗಂಡ ಮನ್ಯಾಗೇ ಅದಾರ. ತೆಗೀರಿ."

ಹೂಂ ಎಂದವನು ತೆಗೆಯಲಿಲ್ಲ. ಕಡೆಗೆ ರವಿವಾರ ನಾವೇ ಒಂದು ವಿಡಿಯೋ ಮಾಡಿದೆವು. ಗಂಡ ಒಲ್ಲೆ ಎನ್ನುತ್ತಲೇ ಅಂಗಿ ಬದಲಿಸಿಕೊಂಡು ಬಂದರು. ನಾನು ಹೇಳಿದ್ದು ಇಷ್ಟೇ: "ಇವರು ನನ್ನ ಗಂಡ. ಆ ವಿಡಿಯೋದಾಗಿನ ಮಾತು ಖರೇ ಅಲ್ಲ. ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ತಪ್ಪಾತು."

ಎಷ್ಟೋ ಮಂದಿ ರೊಟ್ಟಿ ಬೇಡವೆಂದರು. ಹೈದರಾಬಾದಿನ ಹೆಂಗಸೊಬ್ಬರು, ಪಾಪ ಎಂದು ಕೊಂಡವರಿಗೆ ಮೋಸ ಮಾಡಿದಿರಿ ಎಂದು ಬರೆದರು. ಅವರ ಮಾತಿನಲ್ಲಿ ಅರ್ಧ ನಿಜವಿತ್ತು. ತಪ್ಪು ಒಪ್ಪಿಕೊಂಡು ಉತ್ತರ ಬರೆದೆ. ಎಲ್ಲಕ್ಕಿಂತ ಕಷ್ಟವಾದದ್ದು ಮೂರನೆಯವಳಿಗೆ ನಾಳೆಯಿಂದ ಕೆಲಸವಿಲ್ಲ ಎನ್ನುವುದು. ಅವಳು ಕೈ ತೊಳೆದುಕೊಂಡು, "ಆರ್ಡರ್ ಬಂದಾಗ ಕರೀರಿ ಅಕ್ಕಾ" ಎಂದಷ್ಟೇ ಹೇಳಿ ಹೋದಳು.

ಎಳ್ಳಮಾವಾಸ್ಯೆ ಹತ್ತಿರ ಬಂದಾಗ ಸೇಡಂನ ಶಿಕ್ಷಕಿಯೊಬ್ಬರು ಸಜ್ಜೆ ರೊಟ್ಟಿ ಕೇಳಿದರು. ರೊಟ್ಟಿ ತೆಳ್ಳಗಿರುತ್ತದೆಯೇ, ಎಳ್ಳು ಹಚ್ಚುತ್ತೀರಾ ಎಂಬುದನ್ನು ಬಿಟ್ಟು ಬೇರೇನೂ ವಿಚಾರಿಸಲಿಲ್ಲ. ಅವರಿಂದ ಅವರ ಶಾಲೆಯವರ ಇನ್ನೂ ನಾಲ್ಕು ಮನೆಗಳು ಸಿಕ್ಕವು. ಮೂರನೆಯವಳನ್ನು ಕರೆಸಿದೆ.

ಆ ಹಳೆಯ ವಿಡಿಯೋ ಇನ್ನೂ ಓಡಾಡುತ್ತಿದೆ. ನೋಡಿದವರು ಈಗಲೂ ಫೋನು ಮಾಡಿ, "ನಿಮ್ಮ ಕಷ್ಟ ನೋಡಿದ್ವಿ ತಾಯಿ" ಎನ್ನುತ್ತಾರೆ. ಆರ್ಡರ್ ಬರೆದುಕೊಳ್ಳುವ ಮೊದಲೇ ನಿಜ ಹೇಳಿಬಿಡುತ್ತೇನೆ. ಕೆಲವರು ಫೋನು ಇಡುತ್ತಾರೆ. ಕೆಲವರು, "ಆಗಲಿ, ಇಪ್ಪತ್ತು ರೊಟ್ಟಿ ಕಳಿಸ್ರಿ" ಎನ್ನುತ್ತಾರೆ.