ಬೇಲಿಯಾಚೆಯಿಂದ ಬಂದ ಸುದ್ದಿ

ಆ ಬೆಳಿಗ್ಗೆಯೂ ಒಗ್ಗರಣೆಗೆ ಸಾಸಿವೆ ಹಾಕುವ ಮೊದಲು ಸೊಸೆಯನ್ನು ಹಿಂಬಾಗಿಲಿಗೆ ಕಳಿಸಿದೆ. ಎಣ್ಣೆ ಕಾದ ವಾಸನೆ ಅವಳಿಗೆ ಆಗುತ್ತಿರಲಿಲ್ಲ. ಆಗ ಅವಳಿಗೆ ಎರಡು ತಿಂಗಳು. ಮೂರು ತುಂಬುವ ತನಕ ಹೊರಗೆ ಬಾಯಿ ಬಿಡಬಾರದೆಂಬುದು ನಮ್ಮ ಮನೆಯ ಪದ್ಧತಿ. ಹೊಸನಗರದ ನಮ್ಮ ಬೀದಿಯಲ್ಲಿ ಯಾರಿಗೂ ಹೇಳಿರಲಿಲ್ಲ.

ಚಿತ್ರಾನ್ನ ಕಲೆಸುತ್ತಿದ್ದಾಗ ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ ಕೂಗಿದರು.

“ಅಕ್ಕಾ, ನಮ್ಮ ಪುಟ್ಟಿ ಮೈಮೇಲೆ ಎದ್ದಿದ್ದು ಬೆವರುಗುಳ್ಳೆ ಅಲ್ವಂತೆ! ರುಬೆಲ್ಲಾ ಅಂತೆ. ಮಕ್ಳಿಗೆ ಏನೂ ಆಗಲ್ಲ, ಬಸುರಿಯರ ಹತ್ರ ಮಾತ್ರ ಬಿಡ್ಬೇಡಿ ಅಂದ್ರು ಡಾಕ್ಟ್ರು.”

ಮೊನ್ನೆಯಷ್ಟೇ ಪುಟ್ಟಿ ನಮ್ಮ ಸೊಸೆಯ ತೊಡೆಯ ಮೇಲೆ ಕೂತು, ಅವಳ ಕೈಯಿಂದಲೇ ಅವಲಕ್ಕಿ ತಿಂದಿದ್ದಳು. ನನ್ನ ಕೈ ಅನ್ನದಲ್ಲೇ ನಿಂತಿತು.

ಸಿಕ್ಕಿದ ಬಸ್ಸು ಹತ್ತಿ ಸಾಗರಕ್ಕೆ ಹೋದೆವು. ಡಾಕ್ಟರಮ್ಮ ಏನನ್ನೂ ಮುಚ್ಚಿಡಲಿಲ್ಲ. ತಾಯಿಯ ರಕ್ತದಲ್ಲಿ ರಕ್ಷಣೆ ಇದ್ದರೆ ಭಯವಿಲ್ಲ, ಇಲ್ಲದಿದ್ದರೆ ಕೂಸಿನ ಕಣ್ಣು, ಕಿವಿ, ಹೃದಯಕ್ಕೆ ತೊಂದರೆಯಾಗಬಹುದು ಎಂದರು. “ಚಿಕ್ಕವಳಿದ್ದಾಗ ಲಸಿಕೆ ಹಾಕ್ಸಿದಾರಾ?” ಎಂದು ಕೇಳಿದರು.

ಮೇಳಿಗೆಯಲ್ಲಿರುವ ಅವಳ ತಾಯಿಗೆ ಫೋನು ಮಾಡಿದೆ.

“ಶಾಲೇಲಿ ಎಲ್ರಿಗೂ ಚುಚ್ಚಿದ್ರು ಅತ್ತಿಗೆ. ನಿಮ್ಮ ಸೊಸೆ ಅವತ್ತು ಸೂಜಿಗೆ ಹೆದ್ರಿ ಪೇರಲೆ ಮರ ಹತ್ತಿದ್ಲು. ಇಳಿಸಿ ಚುಚ್ಚಿದ್ರೋ, ಹಾಗೇ ಬಿಟ್ರೋ, ಯಾರಿಗೆ ಗೊತ್ತು!”

“ಇಳ್ಸಿದ್ದು ನೆನಪಿದೆ ಅತ್ತೆ. ಆಮೇಲಿಂದು ನೆನಪಿಲ್ಲ,” ಎಂದಳು ಸೊಸೆ. ನಗಲು ಹೋಗಿ ತುಟಿ ಕಚ್ಚಿಕೊಂಡಳು.

ರಕ್ತ ಕೊಟ್ಟು ಬೆಂಚಿನ ಮೇಲೆ ಕೂತೆವು. ಚಿಕ್ಕಂದಿನಲ್ಲಿ ನಾನು ಓದಿದ ಕಾನ್ವೆಂಟಿನ ಸಿಸ್ಟರ್ ಕಲಿಸಿದಂತೆ ಕರ್ಚೀಫನ್ನು ಅಂಚಿಗೆ ಅಂಚು ಸೇರಿಸಿ ಮಡಿಸಿದೆ, ಬಿಚ್ಚಿದೆ, ಮತ್ತೆ ಮಡಿಸಿದೆ. ಅವಳ ಬಲಗೈ ಹೊಟ್ಟೆಯ ಮೇಲಿಂದ ಕದಲಲಿಲ್ಲ.

ಮನೆಗೆ ಬಂದು ದೀಪ ಹಚ್ಚುವ ಹೊತ್ತಿಗೆ ಡಾಕ್ಟರಮ್ಮನ ಫೋನು ಬಂತು. “ರಕ್ಷಣೆ ಚೆನ್ನಾಗಿದೆ. ಮೊನ್ನೆ ತಾಗಿದ್ದರಿಂದ ಇಷ್ಟು ಬೇಗ ಬರೋದಲ್ಲ ಇದು, ಹಳೇದು. ನಿಶ್ಚಿಂತೆಯಿಂದಿರಿ.” ಸೊಸೆ ತನ್ನ ಎಡತೋಳನ್ನು ಸವರಿಕೊಂಡಳು, ಎಂದೋ ಚುಚ್ಚಿದ ಜಾಗವನ್ನು ಹುಡುಕುವವಳಂತೆ.

ನಾನು ಅಂಗಳಕ್ಕೆ ಬಂದೆ. ಪಕ್ಕದ ಮನೆಯಾಕೆ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಮೂರು ತುಂಬದಿದ್ದರೂ ಹೇಳಿಬಿಡೋಣ ಎನ್ನಿಸಿತು.

“ಬೆಳಿಗ್ಗೆ ನೀವು ಹೇಳಿದ್ದು ಒಳ್ಳೇದಾಯ್ತು. ನಮ್ಮ ಸೊಸೆ...”

“ನಿಮಗೆ ಅಂತ ಅಷ್ಟು ಜೋರಾಗಿ ಕೂಗಿದ್ನಾ?” ಎಂದರು ಅವರು, ಪುಟ್ಟಿಯ ಲಂಗ ಕೊಡವುತ್ತ. “ದಿನಾ ಒಗ್ಗರಣೆ ಹೊತ್ತಿಗೆ ಹಿಂಬಾಗಿಲಲ್ಲಿ ಮೂಗು ಮುಚ್ಕೊಂಡು ನಿಲ್ತಾಳಲ್ಲ, ಅವಳಿಗೆ ಕೇಳ್ಲಿ ಅಂತ.”